ಎಪ್ಪತ್ತೆರಡು ಗಂಟೆ ಮುಟ್ಟಬಾರದು

ಜೀವಕೋಶಗಳಿಗೆ ಆಹಾರವೆಂದು ನಾನು ಹಾಕುತ್ತಿದ್ದ ಕೆಂಪು ನೀರಿನ ಒಂದು ಬಾಟಲಿಗೆ ನನ್ನ ಒಂಬತ್ತು ದಿನದ ಸಂಬಳ. ನಾಲ್ಕು ದಿನಕ್ಕೆ ಅದು ಖಾಲಿ. ಕೋಶಗಳು ಕೂರುವ ಬಟ್ಟಲು ಹೆಬ್ಬೆರಳ ಉಗುರಿನಷ್ಟು ಅಗಲ. ಒಂದಕ್ಕೆ ಅರ್ಧ ದಿನದ ಸಂಬಳ, ಒಮ್ಮೆ ಬಳಸಿದರೆ ಬಿಸಾಡಬೇಕು. ಕೈಗವಸು, ಪಿಪೆಟ್ಟಿನ ತುದಿ ಇವೆಲ್ಲ ಚಿಲ್ಲರೆ ಬಾಬತ್ತು. ಇನ್ನು ಮಾತ್ರೆ. ಒಬ್ಬರಿಗೆ ಒಂದು ವರ್ಷಕ್ಕೆ ಬೇಕಾಗುವ ಮಾತ್ರೆಗೆ ನಾನೂ ನನ್ನ ತಂಗಿಯೂ ಉಣ್ಣದೆ ಉಡದೆ ಇಪ್ಪತ್ತೆಂಟು ವರ್ಷ ದುಡಿಯಬೇಕು. ಅಷ್ಟು ಹೊತ್ತಿಗೆ ತಂಗಿಯ ಮಗಳಿಗೆ ಐವತ್ತು ತುಂಬಿರುತ್ತದೆ. ಈ ಕಾಯಿಲೆ ಇಟ್ಟುಕೊಂಡು ಮಾತ್ರೆಯಿಲ್ಲದೆ ಐವತ್ತು ತುಂಬಿಸುವವರಿಗೆ ಮಾತ್ರೆಯೇ ಬೇಕಾಗಿಲ್ಲ.

ಅವಳನ್ನು ನಾವು ಮೂಟೆ ಎನ್ನುತ್ತೇವೆ. ಮಗುವಾಗಿದ್ದಾಗ ಮುತ್ತು ಕೊಟ್ಟರೆ ತುಟಿಯೆಲ್ಲ ಉಪ್ಪುಪ್ಪು. ನಮ್ಮಪ್ಪ ಅವಳನ್ನು ಬೆನ್ನ ಮೇಲೆ ಹೊತ್ತು ಮನೆಯೊಳಗೆ ಸುತ್ತುತ್ತ, "ಉಪ್ಪುಮೂಟೆ ಬೇಕೇನ್ರಮ್ಮಾ ಉಪ್ಪುಮೂಟೆ" ಎಂದು ಕೂಗುತ್ತಿದ್ದರು. ಆ ಉಪ್ಪೇ ಕಾಯಿಲೆಯ ಗುರುತು ಎಂದು ತಿಳಿಯುವಷ್ಟರಲ್ಲಿ ಅವಳಿಗೆ ಎರಡು ವರ್ಷ. ಸಿಸ್ಟಿಕ್ ಫೈಬ್ರೋಸಿಸ್ ಎಂದರು. ಡಾಕ್ಟರು ಅರ್ಧ ಗಂಟೆ ಹೇಳಿದ್ದನ್ನು ನಾನು ಇಷ್ಟು ಮಾಡಿಕೊಂಡೆ: ಒಳಮೈಯ ಒಂದೊಂದು ಕೋಶಕ್ಕೂ ಉಪ್ಪು ಹೊರಗೆ ಹೋಗಲು ಒಂದು ಬಾಗಿಲು. ಉಪ್ಪು ಹೊರಟರೆ ನೀರು ಅದರ ಬೆನ್ನ ಹಿಂದೆಯೇ ಹೊರಡುತ್ತದೆ. ಬಾಗಿಲು ಕೆಟ್ಟರೆ ಉಪ್ಪೂ ಇಲ್ಲ, ನೀರೂ ಇಲ್ಲ. ಎದೆಯೊಳಗಿನ ಕಫ ಅಂಟಾಗುತ್ತದೆ, ಅಂಟಿನಲ್ಲಿ ಸೋಂಕು ಮನೆ ಮಾಡುತ್ತದೆ. ಬೆವರಿನಲ್ಲಿ ಮಾತ್ರ ಇದೇ ಬಾಗಿಲು ಉಪ್ಪನ್ನು ಒಳಕ್ಕೆ ಸೆಳೆಯಬೇಕು, ಅದು ಕೆಟ್ಟದ್ದಕ್ಕೇ ಮೈಯೆಲ್ಲ ಉಪ್ಪು. ಬಾಗಿಲಿನ ತಪ್ಪು ನಕ್ಷೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದರೆ ಮಾತ್ರ ಹೀಗೆ. ಆದ್ದರಿಂದ ಒಬ್ಬರನ್ನೇ ಬೈಯುವ ಹಾಗಿಲ್ಲ. ಅವಳಪ್ಪ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಬರುತ್ತಾನೆ. ಬೈಯುವುದಕ್ಕೆ ಕೈಗೇ ಸಿಗುವುದಿಲ್ಲ.

ತಂಗಿ ಬೇಕರಿಯಲ್ಲಿ ಒಲೆಯ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೋಗುತ್ತಾಳೆ. ಹಾಗಾಗಿ ಮೂಟೆಯ ಬೆನ್ನು ತಟ್ಟುವ ಕೆಲಸ ಮೊದಲಿನಿಂದಲೂ ನನ್ನದು. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಮಂಚದ ಅಂಚಿಗೆ ತಲೆ ತಗ್ಗಿಸಿ ಮಲಗಿಸಿ, ನೀರು ಮೊಗೆಯುವ ಹಾಗೆ ಬೊಗಸೆ ಮಾಡಿದ ಅಂಗೈಯಿಂದ ಪಕ್ಕೆಲುಬಿನ ಮೇಲೆ ತಟ್ಟಬೇಕು. ಚಪ್ಪಟೆ ಕೈಯಾದರೆ ಏಟು, ಬೊಗಸೆಯಾದರೆ ಔಷಧ. ಕಫ ಸಡಿಲವಾಗಿ ಅವಳು ಕೆಮ್ಮಿ ಉಗುಳಿದ ಮೇಲೆ ಹಬೆಯಂತ್ರದಲ್ಲಿ ಔಷಧ ಎಳೆಯಬೇಕು. ಮೊದಲು ತೆರವು, ಆಮೇಲೆ ಔಷಧ. ತಿರುಗುಮುರುಗಾದರೆ ಔಷಧ ಅಂಟಿನ ಮೇಲೆ ಕೂತು ವ್ಯರ್ಥ. ಇಪ್ಪತ್ತು ವರ್ಷ ಇದನ್ನು ಮಾಡಿದವಳಿಗೆ ಇದು ಉಸಿರಾಟದಷ್ಟೇ ಸಹಜ. ನನ್ನ ತಪ್ಪು ಹುಟ್ಟಿದ್ದೂ ಇಲ್ಲೇ.

ಮೂಟೆಗೆ ಈಗ ಇಪ್ಪತ್ತೆರಡು. ತೂಕ ಮಾತ್ರ ಹನ್ನೆರಡರ ಹುಡುಗಿಯದು. ನೀರು ಸರಬರಾಜು ಕಚೇರಿಯ ದೂರಿನ ಫೋನುಗಳನ್ನು ಮನೆಯಲ್ಲೇ ಕುಳಿತು ತೆಗೆದುಕೊಳ್ಳುತ್ತಾಳೆ. ಮೂರು ದಿನದಿಂದ ನಲ್ಲಿ ಬಂದಿಲ್ಲವೆಂದು ಕೂಗಾಡಲು ಫೋನು ಮಾಡಿದವರು ಇವಳ ಕೆಮ್ಮು ಕೇಳಿ ಸುಮ್ಮನಾಗುತ್ತಾರೆ. "ಪಾಪ, ಮೊದ್ಲು ನೀವು ನೀರು ಕುಡೀರಮ್ಮಾ" ಎನ್ನುತ್ತಾರೆ. "ಕಳಿಸಿಕೊಟ್ರೆ ಕುಡೀತೀನಿ ಸಾರ್, ನಮ್ಮನೇಲೂ ಬಂದಿಲ್ಲ" ಎನ್ನುತ್ತಾಳೆ ಇವಳು. ಆ ಕಚೇರಿಯಲ್ಲಿ ಅತಿ ಕಡಿಮೆ ಬೈಗುಳ ತಿನ್ನುವವಳು ಇವಳೇ ಅಂತೆ.

ನಾನು ಈ ಸಂಶೋಧನಾಲಯಕ್ಕೆ ಗಾಜಿನ ಪಾತ್ರೆ ತೊಳೆಯಲು ಸೇರಿದವಳು. ಕೋಶ ಬೆಳೆಸುವ ಕೋಣೆಯಲ್ಲಿ ಓದಿದವರು ಕೈಯಿಟ್ಟ ತಟ್ಟೆಗಳಿಗೆ ವಾರಕ್ಕೊಮ್ಮೆ ಬೂಷ್ಟು ಹತ್ತುತ್ತಿತ್ತು. ಒಮ್ಮೆ ರಜೆಯ ದಿನ ಯಾರೂ ಇಲ್ಲದೆ ನನ್ನ ಕೈಯಲ್ಲಿ ಆಹಾರ ಹಾಕಿಸಿದರು. ನಾನು ಹಾಕಿದ್ದಕ್ಕೆ ಬೂಷ್ಟು ಬರಲಿಲ್ಲ. ಇದರಲ್ಲಿ ಮಂತ್ರವೇನಿಲ್ಲ; ತೆರೆದ ಪಾತ್ರೆಯ ಮೇಲೆ ಮಾತಾಡಬಾರದು, ಕೈ ಹಾಯಿಸಬಾರದು. ಹಾಲು ಕಾಯಿಸುವ ಯಾರಿಗಾದರೂ ಗೊತ್ತು. ಅಂದಿನಿಂದ ಎಲ್ಲರ ಪಾಲಿಗೆ ನಾನು ಆ ಕೋಣೆಯ ಅಕ್ಕ.

ಅಲ್ಲಿ ಈ ಕಾಯಿಲೆಯವರ ಮೂಗಿನೊಳಗಿನಿಂದ ಪುಟ್ಟ ಬ್ರಶ್ಶಿನಲ್ಲಿ ತೆಗೆದ ಕೋಶಗಳನ್ನು ಬೆಳೆಸುತ್ತಾರೆ. ಸಣ್ಣ ಬಟ್ಟಲಿನ ತಳ ಜಾಳಿಗೆಯ ಹಾಗೆ; ಕೋಶಗಳು ಅದರ ಮೇಲೆ ಹಾಸಿಕೊಂಡಿರುತ್ತವೆ. ಆಹಾರ ಕೆಳಗಿನಿಂದ, ಗಾಳಿ ಮೇಲಿನಿಂದ. ನಾಲ್ಕು ವಾರ ಕಾದರೆ ಮೇಲೆ ಕಣ್ಣಿಗೆ ಕಾಣದ ಕೂದಲು ಮೂಡಿ ಬೀಸತೊಡಗುತ್ತದೆ, ಕಫ ಒಸರುತ್ತದೆ. ತಟ್ಟೆಯಲ್ಲೊಂದು ಶ್ವಾಸನಾಳದ ಚೂರು. ಹೆಸರಿಲ್ಲ, ಬರೀ ನಂಬರು.

ಇಪ್ಪತ್ತೇಳು ಯಾರೆಂದು ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮೂಟೆಯ ಮೂಗಿಗೆ ಬ್ರಶ್ಶು ಹಾಕಿದ ದಿನ ಅವಳ ತಲೆ ಹಿಡಿದುಕೊಂಡವಳು ನಾನೇ. ಮಾರನೆಯ ದಿನ ನಮ್ಮಲ್ಲಿಗೆ ಬಂದದ್ದು ಒಂದೇ ಒಂದು ಕೊಳವೆ. ನಮ್ಮವರ ಕೋಶ ಬಂದರೆ ಹೇಳಬೇಕೆಂಬ ನಿಯಮವಿದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳದಿದ್ದರೆ ಹೇಳದಿರುವುದು ಸುಳ್ಳಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಆ ಸಲದ ಪರೀಕ್ಷೆ ದೊಡ್ಡದು. ಬಹಳ ಜನಕ್ಕೆ ಕೆಲಸ ಮಾಡುವ ಮಾತ್ರೆ ಅಪರೂಪದ ನಕ್ಷೆಯವರಿಗೆ ಆಗುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಮಾತ್ರೆ ಮಾಡುವವರು ಅಂಥ ಒಬ್ಬರಿಗೆ ಒಂದು ವರ್ಷ ಪುಕ್ಕಟೆ ಕೊಡಲು ಒಪ್ಪಿದ್ದರು. ಒಬ್ಬರಿಗೇ. ಕೋಶಗಳ ಮೇಲೆ ಔಷಧ ಚೆನ್ನಾಗಿ ನಡೆದವರಿಗೆ ಆ ಜಾಗ. ಹನ್ನೊಂದು ನಂಬರುಗಳಲ್ಲಿ ಕೊನೆಗೆ ಉಳಿದದ್ದು ಇಪ್ಪತ್ತೇಳು ಮತ್ತು ಮೂವತ್ತೊಂದು.

ಪರೀಕ್ಷೆ ಹೀಗೆ. ಒಂದೊಂದು ನಂಬರಿಗೆ ಹನ್ನೆರಡು ಬಟ್ಟಲು. ಆರಕ್ಕೆ ಔಷಧ ಬೆರೆತ ಆಹಾರ, ಆರಕ್ಕೆ ಬರೀ ಆಹಾರ. ಎಲ್ಲದರ ಮೇಲಿನ ಕಫವನ್ನು ಒಮ್ಮೆ ತೊಳೆದು, ಎಪ್ಪತ್ತೆರಡು ಗಂಟೆ ಹಾಗೇ ಬಿಟ್ಟು, ಹೊಳೆಯುವ ಸಣ್ಣ ಮಣಿಗಳನ್ನು ಉದುರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಕಫ ತೆಳ್ಳಗಿದ್ದರೆ ಮಣಿ ಓಡುತ್ತದೆ. ಅಂಟಾಗಿದ್ದರೆ ಕೂತಲ್ಲೇ ನಡುಗುತ್ತದೆ. ಮಣಿಗಳ ಓಟ ಅಳೆಯುವ ಸಂಶೋಧಕನನ್ನು ಎಲ್ಲರೂ ಮಣಿಗಾರ ಎನ್ನುತ್ತಿದ್ದರು. ಇಬ್ಬರು ಮಕ್ಕಳ ತಂದೆ, ಊಟದ ಡಬ್ಬಿ ತೆರೆಯುವುದನ್ನೂ ಮರೆಯುವ ಮನುಷ್ಯ. ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲಿಗೆ ಅವನೇ ಚೀಟಿ ಅಂಟಿಸಿದ್ದ: ಎಪ್ಪತ್ತೆರಡು ಗಂಟೆ ಮುಟ್ಟಬಾರದು.

ಆದರೂ ಕೆಳಗಿನ ಆಹಾರ ಬದಲಿಸಲು ದಿನವೂ ತಟ್ಟೆ ತೆಗೆಯುತ್ತಿದ್ದವಳು ನಾನು. ಚೀಟಿ ಹೊಸಬರಿಗೆಂದು ತಿಳಿದಿದ್ದೆ. ಎರಡು ಬಾಟಲಿಗಳಲ್ಲಿ ಔಷಧ ಯಾವುದೆಂದು ನನಗೆ ಹೇಳಿರಲಿಲ್ಲ. ಎರಡಕ್ಕೂ ಒಂದೇ ಥರ ತಗಡಿನ ಕಾಗದ ಸುತ್ತಿದ್ದರು. ಆದರೆ ಒಂದನ್ನು ಮಾತ್ರ ಫ್ರಿಜ್ಜಿನ ಒಳಮೂಲೆಯಲ್ಲಿ, ಬೇರೆ ಬಾಟಲಿಗಳ ಮರೆಯಲ್ಲಿ ಇಡುತ್ತಿದ್ದರು. ಹಿತ್ತಾಳೆಯನ್ನು ಯಾರೂ ಬೀರುವಿನೊಳಗೆ ಇಡುವುದಿಲ್ಲ.

ಮೊದಲ ಸಂಜೆ ಇಪ್ಪತ್ತೇಳರ ತಟ್ಟೆ ತೆಗೆದಾಗ ಕಫ ಆಗಲೇ ದಟ್ಟವಾಗಿ ಕೂತಿತ್ತು. ನನಗೆ ತಡೆಯಲಿಲ್ಲ. ಔಷಧ ಇರುವ ಆರು ಬಟ್ಟಲುಗಳಿಗೆ ಬೆಚ್ಚನೆಯ ಉಪ್ಪುನೀರು ಎರಡು ಹನಿ ಬಿಟ್ಟು, ಕಫ ಎತ್ತಿ ತೆಗೆದೆ. ಮೊದಲು ತೆರವು, ಆಮೇಲೆ ಔಷಧ. ಔಷಧವಿಲ್ಲದ ಆರಕ್ಕೆ ಅದೇಕೆ ಬೇಕು ಎಂದು ಬಿಟ್ಟೆ. ಮೂರು ಸಂಜೆಯೂ ಹಾಗೇ ಮಾಡಿದೆ. ಮೂವತ್ತೊಂದಕ್ಕೆ ಮಾಡಲಿಲ್ಲ. ಅದನ್ನೂ ಹೇಳಿಬಿಡುವುದು ಒಳ್ಳೆಯದು.

ಫಲಿತಾಂಶದ ದಿನ ಮಣಿಗಾರ ದೊಡ್ಡ ಪರದೆಯ ಮೇಲೆ ತೋರಿಸಿದ. ಮೂವತ್ತೊಂದರ ಮಣಿಗಳು ಸಂಜೆ ಅಡ್ಡಾಡುವ ಮುದುಕರ ಹಾಗೆ ಸರಿದವು. ಇಪ್ಪತ್ತೇಳರವು ಶಾಲೆ ಬಿಟ್ಟ ಮಕ್ಕಳ ಹಾಗೆ ಓಡಿದವು.

"ಇಪ್ಪತ್ತೇಳೇ ಸರಿ. ಸೋಮವಾರ ಕಾಗದ ಕಳಿಸೋಣ" ಎಂದರು ದೊಡ್ಡ ಮೇಡಂ. ಸಂಶೋಧನಾಲಯದ ಮುಖ್ಯಸ್ಥೆ ಅವರು. ನಗುವುದು ಅಪರೂಪ, ಆ ದಿನ ನಕ್ಕರು.

ಮನೆಯಲ್ಲಿ ಹೇಳಬಾರದಿತ್ತು. ಹೇಳಿದೆ. ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೂಟೆ ಅಳಲಿಲ್ಲ.

"ದೊಡ್ಡಮ್ಮಾ, ಮಾತ್ರೆ ತಗೊಂಡ್ರೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ?"

"ಕೆಲವ್ರಿಗೆ ಒಂದೇ ದಿನಕ್ಕಂತೆ. ಕಫ ಹಾಗೇ ಕರಗಿ ಬರುತ್ತಂತೆ."

"ಹಾಗಾದ್ರೆ ಮೊದ್ಲು ಒಂದು ಕೆಲಸ ಇದೆ. ಒಂದು ನಗು ಪೂರ್ತಿ ನಗ್ಬೇಕು. ಯಾರಾದ್ರೂ ಜೋಕ್ ಹೇಳಿದ್ರೆ ಅರ್ಧಕ್ಕೇ ಕೆಮ್ಮು ಬಂದುಬಿಡುತ್ತೆ. ಅವ್ರು ಜೋಕ್ ಬಿಟ್ಟು ನನ್ನ ಬೆನ್ನು ಸವರ್ತಾರೆ. ನಗು ಯಾವತ್ತೂ ಮುಗಿದೇ ಇಲ್ಲ."

"ಅದಕ್ಕೆ ಜೋಕೂ ಚೆನ್ನಾಗಿರ್ಬೇಕಲ್ಲ."

"ನಿಂದಾದ್ರೆ ಮಾತ್ರೆ ಬೇಡ, ನಗುನೇ ಬರಲ್ಲ" ಎಂದಳು. ನಕ್ಕಳು. ಕೆಮ್ಮಿದಳು. ಮೂರು ದಿಂಬಿಗೆ ಒರಗಿಕೊಂಡು, ಒಂದೇ ದಿಂಬಿನ ಮೇಲೆ ಮಲಗಿದರೆ ಚಾವಣಿ ಹೇಗೆ ಕಾಣುತ್ತದೋ ಎಂದು ಕೇಳಿದಳು. 

ಮಾರನೆಯ ದಿನ ಶುಕ್ರವಾರ. ನಾನು ಕೋಣೆಯ ಕಟ್ಟೆ ಒರೆಸುತ್ತಿದ್ದೆ. ಮಣಿಗಾರ ಪಕ್ಕದಲ್ಲಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

"ಇಷ್ಟು ತೆಳ್ಳಗಿನ ಕಫ ನಾನು ನೋಡೇ ಇಲ್ಲ ಅಕ್ಕಾ. ಈಗ ತಾನೇ ತೊಳೆದ ಹಾಗಿದೆ."

ನನ್ನ ಕೈ ನಿಂತಿತು.

"ತೊಳೆದ್ರೆ ಏನಾಗುತ್ತೆ?"

"ಎಲ್ಲಾ ಹಾಳಾಗುತ್ತೆ. ಎಂಥಾ ಕೋಶ ಆದ್ರೂ ತೊಳೆದ ತಕ್ಷಣ ಮಣಿ ಓಡುತ್ತೆ. ಔಷಧಿ ಓಡಿಸ್ತೋ ನೀರು ಓಡಿಸ್ತೋ ಗೊತ್ತಾಗಲ್ಲ. ಅದಕ್ಕೇ ಅಲ್ವಾ ಮೂರು ದಿನ ಮುಟ್ಟಬಾರದು ಅನ್ನೋದು."

"ಕಫದ ಮೇಲೆ ಔಷಧಿ ಹಾಕಿದ್ರೆ ಒಳಗೆ ಹೋಗುತ್ತಾ?"

"ಮೇಲೆ ಯಾರು ಹಾಕ್ತಾರೆ? ಔಷಧಿ ಕೆಳಗಿನ ಆಹಾರದಲ್ಲಿದೆಯಲ್ಲಾ ಅಕ್ಕಾ. ದಿನಾ ಹಾಕೋರು ನೀವೇ."

ಹೌದು. ದಿನಾ ಹಾಕುತ್ತಿದ್ದವಳು ನಾನೇ. ಕೆಳಗಿನಿಂದ ಉಣಿಸುತ್ತ ಮೇಲಿನಿಂದ ಬಾಯಿ ಒರೆಸಿದ್ದೆ. ಕೈ ಕಂಡದ್ದನ್ನು ತಲೆ ಕಂಡಿರಲಿಲ್ಲ.

ಆ ಸಂಜೆ ಮೂಟೆಯ ಬೆನ್ನು ತಟ್ಟುತ್ತಲೇ ಎಲ್ಲ ಹೇಳಿದೆ. ಮುಖ ನೋಡಿಕೊಂಡು ಹೇಳುವ ಧೈರ್ಯ ಇರಲಿಲ್ಲ.  ಅವಳು ತಲೆ ತಗ್ಗಿಸಿಕೊಂಡೇ ಕೇಳಿದಳು:

"ಈಗ ಯಾರಿಗೆ ಗೊತ್ತು?"

"ನಿನಗೆ, ನನಗೆ."

"ಹಾಗಾದ್ರೆ ಹೇಳ್ಬೇಡ."

"ಮೂಟೇ..."

"ಮಾತ್ರೆ ಆಗಲ್ಲ ಅಂತ ನಿನಗೇನು ಗೊತ್ತು? ಪರೀಕ್ಷೆ ಕೆಟ್ಟಿದೆ ಅಷ್ಟೇ. ಆಗ್ಬೋದು. ಒಂದು ವರ್ಷ ತಗೊಂಡು ನೋಡೋಣ."

"ಮೂವತ್ತೊಂದಕ್ಕೆ ಆಗುತ್ತೆ ಅಂತ ಗೊತ್ತಿದೆಯಲ್ಲ. ಸ್ವಲ್ಪವಾದ್ರೂ ಆಗುತ್ತೆ."

ಅವಳು ಎದ್ದು ಕುಳಿತಳು. ಮುಖ ಕೆಂಪಾಗಿತ್ತು, ತಲೆ ಕೆಳಗಿದ್ದದ್ದಕ್ಕೋ ಸಿಟ್ಟಿಗೋ ಹೇಳಲಾರೆ.

"ಮೂವತ್ತೊಂದು ಯಾರು? ನಿನ್ನ ತಂಗಿ ಮಗಳಾ? ಇಪ್ಪತ್ತು ವರ್ಷ ಯಾರ ಬೆನ್ನು ತಟ್ಟಿದ್ದೀಯ ನೀನು? ನನ್ನ ಸಲುವಾಗಿ ಒಂದು ಸಲ ಬಾಯಿ ಮುಚ್ಕೊಳ್ಳೋಕಾಗಲ್ವಾ?"

ಇದಕ್ಕೆ ಉತ್ತರ ಹೇಳಲು ಶನಿವಾರ, ಭಾನುವಾರ ಎರಡೂ ದಿನ ಹುಡುಕಿದೆ. ನಾನು ದೊಡ್ಡ ನ್ಯಾಯವಂತೆಯಲ್ಲ. ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಹೆಚ್ಚು ಕೊಟ್ಟರೆ ಎಣಿಸದೆ ಜೇಬಿಗೆ ಹಾಕಿದವಳು. ಬಾಯಿ ಮುಚ್ಚಿಕೊಂಡಿರುವುದು ನನಗೆ ಕಷ್ಟವೇ ಆಗುತ್ತಿರಲಿಲ್ಲ. ಆದರೆ ನನ್ನ ಕಣ್ಣಿಗೆ ಬಂದದ್ದು ಬೇರೆ. ಮಾತ್ರೆ ನುಂಗಿದ ಮೇಲೆ ಇವಳು ಬೆನ್ನು ತಟ್ಟಿಸಿಕೊಳ್ಳಲು ಬೇಸರ ಮಾಡುತ್ತಾಳೆ. ಹಬೆ ಎಳೆಯುವುದು ನಿಲ್ಲಿಸುತ್ತಾಳೆ. ಮಣಿ ಓಡಿದ್ದನ್ನು ನೋಡಿದ ಡಾಕ್ಟರೂ ಸರಿ ಎನ್ನುತ್ತಾರೆ. ಮಾತ್ರೆ ಒಳಗೆ ಏನೂ ಮಾಡದಿದ್ದರೆ ಆ ವರ್ಷದಲ್ಲಿ ಎದೆ ಎಷ್ಟು ಹಾಳಾಗುತ್ತದೋ ಅಷ್ಟೂ ನನ್ನ ಕೈಯಿಂದ. ಅತ್ತ ಮೂವತ್ತೊಂದು. ಆ ಬಟ್ಟಲುಗಳಿಗೂ ನಾಲ್ಕು ವಾರ ಉಣಿಸಿದವಳು ನಾನೇ. ಆ ನಂಬರಿನವರ ಬೆನ್ನನ್ನೂ ಯಾರೋ ಎಲ್ಲೋ ಬೆಳಿಗ್ಗೆ ಎದ್ದು ತಟ್ಟುತ್ತಿರುತ್ತಾರೆ.

ಸೋಮವಾರ ಬೆಳಿಗ್ಗೆ ದೊಡ್ಡ ಮೇಡಂ ಕೋಣೆಗೆ ಹೋಗಿ, ಕೂರಿ ಎನ್ನುವ ಮೊದಲೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾಕಕ್ಕಾ ಹಾಗ್ಮಾಡಿದ್ರಿ?"

"ಮನೇಲಿ ಹಾಗೇ ಮಾಡ್ತೀವಿ ಮೇಡಂ. ಮೊದ್ಲು ತೆರವು, ಆಮೇಲೆ ಔಷಧಿ."

"ಯಾರ ಮನೇಲಿ? ಇಪ್ಪತ್ತೇಳು ಯಾರು?"

"ನನ್ನ ತಂಗಿ ಮಗಳು."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ವಾಸಿಯಿತ್ತು. "ನಿಮ್ಮ ಕೈ ನಂಬಿ ನಾನು ಉಳಿದವ್ರ ಕೈ ಬೈತಿದ್ದೆ" ಎಂದರು, ಅಷ್ಟೇ. ಕನ್ನಡಕ ಮತ್ತೆ ಹಾಕಿಕೊಂಡು, "ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಗೊತ್ತಾ?" ಎಂದು ಕೇಳಿದರು.

"ಗೊತ್ತು ಮೇಡಂ. ಮನೇಲೂ ಅದನ್ನೇ ಹೇಳಿದ್ರು."

ಬಂದ ಒಂದು ಕೊಳವೆಯಿಂದ ಬೆಳೆಸಿ ಹೆಪ್ಪುಗಟ್ಟಿಸಿಟ್ಟಿದ್ದ ಇಪ್ಪತ್ತೇಳರ ಕೋಶಗಳು ಹಿಮದ ಪೀಪಾಯಿಯಲ್ಲಿ ಇನ್ನು ಎರಡೇ ಕೊಳವೆ ಉಳಿದಿದ್ದವು. ಒಂದನ್ನು ತೆಗೆದು ಮತ್ತೆ ಬೆಳೆಸಲು ಐದು ವಾರ. ಕಾಗದವನ್ನು ಅಲ್ಲಿಯವರೆಗೆ ತಡೆಹಿಡಿದರು. ನನ್ನ ಬೀಗದಕೈ ವಾಪಸು ಪಡೆದರು. ಮತ್ತೆ ಪಾತ್ರೆ ತೊಳೆಯುವ ಕಡೆ ಹಾಕಿದರು. ಕೋಶದ ಕೋಣೆಯ ಗೋಡೆ ಅರ್ಧ ಗಾಜು. ಸಂಜೆ ಹೋಗುವಾಗ ಅಲ್ಲಿ ನಿಲ್ಲುತ್ತಿದ್ದೆ. ಮಣಿಗಾರ ತಟ್ಟೆ ತೆಗೆದು ಉಣಿಸುತ್ತಿದ್ದ. ಜಾಗ್ರತೆಯಾಗಿಯೇ ಮಾಡುತ್ತಿದ್ದ, ಆದರೂ ಬೇರೆಯವರ ಕಂಕುಳಲ್ಲಿರುವ ನಮ್ಮ ಮಗುವನ್ನು ನೋಡಿದ ಹಾಗಾಗುತ್ತಿತ್ತು. ಓಡಲಿ, ನಾನು ಮುಟ್ಟದೆಯೂ ಓಡಲಿ ಎಂದು ಗಾಜಿಗೆ ಹಣೆ ಹಚ್ಚಿ ಕೇಳಿಕೊಳ್ಳುತ್ತಿದ್ದೆ. ಅಂಥ ಆಸೆಯನ್ನು ಜೀವನದಲ್ಲಿ ಬೇರೆ ಯಾವುದಕ್ಕೂ ಪಟ್ಟಿಲ್ಲ.

ಮನೆಯಲ್ಲಿ ಮೂಟೆ ನನ್ನೊಡನೆ ಮಾತು ಬಿಟ್ಟಿದ್ದಳು. ತಂಗಿ ಬೇಕರಿಯಿಂದ ಬಂದು, ನಿದ್ದೆಗಣ್ಣಿನಲ್ಲಿ, ಬೆನ್ನು ತಟ್ಟುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತು ಆ ಸದ್ದು ಕೇಳುತ್ತಿದ್ದೆ. ಚಪ್ಪಟೆ ಕೈ. ನನ್ನ ಕೈಗಳಿಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ; ತೊಳೆದ ಲೋಟವನ್ನೇ ತೊಳೆಯುತ್ತಿದ್ದೆ. ಇಪ್ಪತ್ತು ವರ್ಷ ಈ ಕೈಗಳಿಗೆ ಬಿಡುವು ಸಿಗಲಿ ಎಂದು ಬೇಡಿಕೊಂಡವಳು ನಾನು. ಬಿಡುವು ಸಿಕ್ಕಿದ್ದು ಹೀಗೆ.

ಮೂರನೆಯ ವಾರ ಒಂದು ಬೆಳಿಗ್ಗೆ ಮೂಟೆಯೇ ಮಂಚದ ಅಂಚಿಗೆ ಬಂದು ಮಲಗಿದಳು.

"ಅಮ್ಮ ತಟ್ಟಿದ್ರೆ ಹಿಟ್ಟು ನಾದಿದ ಹಾಗಿರುತ್ತೆ. ಬಾ."

ನಾನು ಹೋಗಿ ಕೈಯಿಟ್ಟೆ.

"ಸಿಟ್ಟು ಹೋಗಿಲ್ಲ. ಬೆನ್ನು ನೋಯ್ತಿದೆ ಅಂತ ಅಷ್ಟೇ" ಎಂದಳು.

"ಸಿಟ್ಟು ಇಟ್ಕೋ. ಉಸಿರು ಬಿಡು."

"ಎರಡೂ ಒಟ್ಟಿಗೆ ಆಗಲ್ಲ ದೊಡ್ಡಮ್ಮಾ, ಜಾಗ ಇಲ್ಲ ಒಳಗೆ."

ಐದು ವಾರ ಕಳೆದ ಮೇಲೆ ದೊಡ್ಡ ಮೇಡಂ ನನ್ನನ್ನು ತಾವೇ ಕರೆದು ತೋರಿಸಿದರು. ಇಪ್ಪತ್ತೇಳರ ಮಣಿಗಳು ಔಷಧವಿದ್ದ ಆರರಲ್ಲೂ, ಇಲ್ಲದ ಆರರಲ್ಲೂ ಕೂತಲ್ಲೇ ನಡುಗುತ್ತಿದ್ದವು. ಸಾಲದೆಂದು ಕೋಶಗಳನ್ನು ಒಡೆದು ಒಳಗೂ ಆ ಬಾಗಿಲಿಗಾಗಿ ಹುಡುಕಿದ್ದರು.

"ಈ ಮಾತ್ರೆ, ಬಾಗಿಲು ಸೊಟ್ಟಗಿದ್ರೆ ನೆಟ್ಟಗೆ ಮಾಡುತ್ತೆ ಅಕ್ಕಾ. ನಿಮ್ಮ ಹುಡುಗೀದು ಬಾಗಿಲೇ ತಯಾರಾಗ್ತಿಲ್ಲ. ನಕ್ಷೆ ಓದ್ತಾ ಓದ್ತಾ ಅರ್ಧಕ್ಕೇ 'ನಿಲ್ಲು' ಅಂತ ಬರೆದಿದೆ. ಕೋಶ ಅಲ್ಲಿಗೇ ನಿಲ್ಲಿಸಿಬಿಡುತ್ತೆ."

"ಬಾಗಿಲೇ ಇಲ್ಲದ ಗೋಡೆಗೆ ಕೀಲೆಣ್ಣೆ ಹಚ್ಚಿದ ಹಾಗೆ."

"ಹಾಗೇ. ಆ 'ನಿಲ್ಲು' ದಾಟಿ ಓದಿಸೋದು ಹೇಗೆ ಅಂತ ನೋಡೋರು ನಮ್ಮಲ್ಲೇ ಇದ್ದಾರೆ. ಅವ್ರಿಗೆ ಇಂಥ ಕೋಶ ಬೇಕಾಗಿತ್ತು. ನಿಮ್ಮ ಹುಡುಗಿ ಒಪ್ಪಿದ್ರೆ ಉಳಿದ ಕೊಳವೆ ಅವ್ರಿಗೆ ಕೊಡ್ತೀನಿ."

"ಔಷಧಿ ಯಾವಾಗ ಬರುತ್ತೆ ಮೇಡಂ?"

"ಎಂಟು ವರ್ಷ, ಹತ್ತು ವರ್ಷ. ಬರದೇನೂ ಇರಬಹುದು. ಸುಳ್ಳು ಹೇಳಲ್ಲ."

ಮನೆಗೆ ಹೋಗಿ ಹೇಳಿದೆ. ತಂಗಿ ಅಳಲಿಲ್ಲ, ಆ ಅಳು ಮೊದಲೇ ಖರ್ಚಾಗಿತ್ತು. ಮೂಟೆ ದೂರಿನ ಫೋನು ಬದಿಗಿಟ್ಟು ಕೇಳಿದಳು:

"ಹಾಗಾದ್ರೆ ಒಂದು ವರ್ಷ ನುಂಗಿದ್ರೂ ಏನೂ ಆಗ್ತಿರಲಿಲ್ಲ?"

"ಇಲ್ಲ."

"ಇದನ್ನ ಆವತ್ತೇ ಹೇಳಿದ್ರೆ ಕೂಗಾಡ್ತಿರಲಿಲ್ಲ."

"ಆವತ್ತು ನನಗೂ ಗೊತ್ತಿರಲಿಲ್ಲ ಮೂಟೇ."

 ಅವಳು ಒಪ್ಪಿಗೆಯ ಕಾಗದ ಎಲ್ಲಿ ಎಂದು ಕೈ ಚಾಚಿದಳು. ಸಹಿ ಹಾಕುವಾಗ, "ನನಗಲ್ಲದಿದ್ರೂ ಯಾವುದೋ ಉಪ್ಪಿನ ಮಗೂಗೆ ಆಗುತ್ತೆ" ಎಂದಳು. ಅದರಲ್ಲಿ ದೊಡ್ಡತನ ಏನೂ ಇರಲಿಲ್ಲ. ನನಗೇ ಆಗಬೇಕಿತ್ತು ಎಂಬುದು ಪೆನ್ನು ಒತ್ತಿದ ರೀತಿಯಲ್ಲೇ ಕಾಣುತ್ತಿತ್ತು.

ಮಾತ್ರೆ ಮೂವತ್ತೊಂದಕ್ಕೆ ಹೋಯಿತು. ಎರಡು ತಿಂಗಳಲ್ಲಿ ಅವರ ತೂಕ ನಾಲ್ಕು ಕಿಲೋ ಹೆಚ್ಚಿತು ಎಂದು ಮಣಿಗಾರ ಹೇಳಿದ; ಗಂಡೋ ಹೆಣ್ಣೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಕಳೆದುಕೊಂಡದ್ದು ಕೋಶದ ಕೋಣೆಯನ್ನು. ಅದು ತಿರುಗಿ ಸಿಗುವುದಿಲ್ಲ. ಮೂಟೆ ಕಳೆದುಕೊಂಡದ್ದು ನಾಲ್ಕು ದಿನ ಕೈಯಲ್ಲಿದ್ದ ಒಂದು ಆಸೆ. ಅವಳಿಗೆ ಸಿಕ್ಕಿದ್ದು ತನ್ನ ಕಾಯಿಲೆ ನಿಖರವಾಗಿ ಎಲ್ಲಿದೆ ಎಂಬ ತಿಳಿವಳಿಕೆ. ಅದರಿಂದ ಉಸಿರು ಹೆಚ್ಚಲಿಲ್ಲ.